ಆರು ಪಥದ ಆಚೆಗಿನ ಶಾಲೆ

ಮಂಜೇಶ್ವರ, ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ, ಮೊಗ್ರಾಲ್. ಈ ಪೇಟೆಗಳಲ್ಲಿ ಯಾವುದಾದರೊಂದರ ಆಸುಪಾಸಿನಲ್ಲಿ ನಿಮ್ಮ ಮನೆಯಿದ್ದು, ಮಗುವಿನ ಕನ್ನಡ ಶಾಲೆ ಹೆದ್ದಾರಿಯ ಆಚೆ ಬದಿಯಲ್ಲಿದ್ದರೆ ಈ ಮಾತು ಮೊದಲು ನಿಮಗೆ. ನೀವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ರಸ್ತೆ ದಾಟುವುದೆಂದರೆ ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಬಸ್ಸು ಹೋಗಲು ಬಿಟ್ಟು ಓಡುವುದಾಗಿತ್ತು. ಅದೇ ಪಾಠವನ್ನು ಈಗ ಮಗುವಿಗೆ ಹೇಳಿಕೊಟ್ಟರೆ ಸಾಲದು. ರಾಷ್ಟ್ರೀಯ ಹೆದ್ದಾರಿ 66 ಈಗ ಷಟ್ಪಥ. ತಲಪಾಡಿಯಿಂದ ಚೆಂಗಳದ ವರೆಗಿನ 39 ಕಿ.ಮೀ. ಭಾಗದಲ್ಲಿ ನಡುವೆ ಮೂರು ಮೂರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಪಥದ ಅಗಲ ಮೂರೂವರೆ ಮೀಟರ್. ಒಂದು ದಿಕ್ಕಿನ ಮೂರು ಪಥ ಸೇರಿದರೆ ಹತ್ತೂವರೆ ಮೀಟರ್. ಚೀಲ ಹೊತ್ತ ಎಂಟು ವರ್ಷದ ಮಗು ಅದನ್ನು ನಡೆದು ದಾಟಲು ಸುಮಾರು 10 ಸೆಕೆಂಡ್ ಬೇಕು. ಗಂಟೆಗೆ 90 ಕಿ.ಮೀ. ವೇಗದ ಕಾರು ಆ 10 ಸೆಕೆಂಡಿನಲ್ಲಿ 250 ಮೀಟರ್ ಬಂದಿರುತ್ತದೆ. ಮಗು ಕಾಲಿಟ್ಟಾಗ ಕಾರು ಎಲ್ಲೋ ದೂರದ ತಿರುವಿನಲ್ಲಿತ್ತು. ಮಗುವಿನ ಕಣ್ಣಿಗೆ ರಸ್ತೆ ಖಾಲಿ. ಹೀಗಿರುವಾಗ 'ಜಾಗ್ರತೆಯಿಂದ ದಾಟು' ಎನ್ನುವುದು ಮಗುವಿನ ಮೇಲೆ ಹೊರಿಸಬಾರದ ಹೊರೆ. ಮುಖ್ಯ ಪಥವನ್ನು ನಡೆದು ದಾಟಲೇಬಾರದು, ಅಷ್ಟೆ. ಅಂಡರ್‌ಪಾಸ್ ಅಥವಾ ಮೇಲ್ಸೇತುವೆಗೆ ಅರ್ಧ ಕಿಲೋಮೀಟರು ಸುತ್ತಬೇಕಾದರೂ ಸುತ್ತಬೇಕು.

ಹೆದ್ದಾರಿ ಪ್ರಾಧಿಕಾರ ಸಾವು ತಗ್ಗಿಸಲು ಏನೂ ಮಾಡುತ್ತಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ದೇಶದ ಒಟ್ಟು ರಸ್ತೆಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಎರಡರಷ್ಟು. 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರು ಸತ್ತದ್ದು ಆ ಎರಡು ಪಾಲಿನ ಮೇಲೆ. ಆದ್ದರಿಂದಲೇ ಪ್ರಾಧಿಕಾರವೂ ಕೇಂದ್ರ ಸಾರಿಗೆ ಸಚಿವಾಲಯವೂ 'ಬ್ಲ್ಯಾಕ್ ಸ್ಪಾಟ್' ಎಂಬ ಲೆಕ್ಕ ಇಟ್ಟಿವೆ. ಸುಮಾರು 500 ಮೀಟರ್ ಉದ್ದದ ಜಾಗದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು ಆಗಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಅಲ್ಲಿ ಮೊದಲು ಎಚ್ಚರಿಕೆ ಫಲಕ, ರಸ್ತೆ ಗುರುತು, ತಡೆಬೇಲಿ ಬರುತ್ತವೆ. ಆಮೇಲೆ ಜಂಕ್ಷನ್ ಬದಲಾವಣೆ, ಅಂಡರ್‌ಪಾಸ್, ಫ್ಲೈಓವರ್.

ಈ ಲೆಕ್ಕದ ತೊಡಕು ನಿಮಗೆ ಆಗಲೇ ಹೊಳೆದಿರಬಹುದು. ಸಾವು ಎಣಿಸಿದ ಮೇಲೆ ಜಾಗ ಪಟ್ಟಿಗೆ ಸೇರುತ್ತದೆ. ಪೊಲೀಸ್ ದಾಖಲೆಗೆ ಬಂದ ಅಪಘಾತ ಮಾತ್ರ ಅಪಘಾತ. ನಿನ್ನೆ ಸಂಜೆ ಶಾಲೆ ಬಿಟ್ಟ ಹೊತ್ತಿಗೆ ಲಾರಿಯೊಂದು ಚಕ್ರ ಕೀರಿಸಿ ನಿಂತದ್ದು, ಮೂರನೇ ತರಗತಿಯ ಹುಡುಗಿ ಕೂದಲೆಳೆಯಲ್ಲಿ ಪಾರಾದದ್ದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಅದು ಗೊತ್ತಿರುವುದು ನಿಮಗೆ, ಮೇಷ್ಟ್ರಿಗೆ, ರಿಕ್ಷಾದವರಿಗೆ. ಅದನ್ನು ಬರೆದು ಕೊಡದಿದ್ದರೆ ಅದು ನಡೆದೇ ಇಲ್ಲ.

ಸ್ವೀಡನ್ ದೇಶದ ಸಂಸತ್ತು 1997ರಲ್ಲಿ ಒಪ್ಪಿಕೊಂಡ ನೀತಿಯೊಂದು ಇಲ್ಲಿ ನೆನಪಾಗುತ್ತದೆ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಪ್ರಾಣ ಹೋಗದಂತೆ ರಸ್ತೆ ಕಟ್ಟುವುದು ಕಟ್ಟುವವರ ಹೊಣೆ ಎಂಬುದು ಅದರ ತಿರುಳು. ಅಲ್ಲಿನ ರಸ್ತೆ ಇಲಾಖೆ ಅದರಂತೆ ಎದುರು ಬದುರು ವಾಹನಗಳ ನಡುವೆ ತಂತಿಬೇಲಿ ಹಾಕಿತು, ಜನ ನಡೆಯುವ ಊರೊಳಗೆ ವೇಗ ಇಳಿಸಿತು. ನಮ್ಮಲ್ಲಿ ಇನ್ನೂ 'ಯಾರ ತಪ್ಪು' ಎಂಬಲ್ಲೇ ಮಾತು ನಿಲ್ಲುತ್ತದೆ. ಮಗು ಓಡಿದ್ದು ತಪ್ಪೇ ಇರಬಹುದು. ಎಂಟು ವರ್ಷದ ಮಗು ಓಡದೆ ಇನ್ನೇನು ಮಾಡೀತು?

ಇನ್ನು ನಮ್ಮ ಕೈಯಲ್ಲಿರುವುದು. ಸರ್ವಿಸ್ ರಸ್ತೆ ಸಣ್ಣದು, ಅಲ್ಲಿ ಅಪಾಯ ಕಡಿಮೆ ಎಂದು ತಿಳಿಯಬೇಡಿ. ಸುತ್ತು ಬರಲು ಬೇಸರವಾಗಿ ಎದುರು ದಿಕ್ಕಿನಿಂದ ಬರುವ ಬೈಕುಗಳು ಹೆಚ್ಚಾಗಿ ಸಿಗುವುದು ಅಲ್ಲೇ. ಮಗು ಇಳಿಯುವ ಜಾಗದಲ್ಲಿ ಎರಡೂ ಕಡೆ ನೋಡಲು ಹೇಳಿಕೊಡಿ, ಬಸ್ಸು ಹೋದ ಮೇಲೆಯೇ ಹೆಜ್ಜೆ ಇಡಲಿ. ಸ್ಕೂಟರಿನ ಹಿಂದೆ ಕೂರುವ ನಾಲ್ಕು ವರ್ಷ ಮೇಲ್ಪಟ್ಟ ಮಗುವಿಗೆ ಹೆಲ್ಮೆಟ್ ಕಾನೂನಿನಲ್ಲೇ ಕಡ್ಡಾಯ. ಅದಕ್ಕಿಂತ ಚಿಕ್ಕ ಮಗುವಿಗೆ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಬೇಕು, ವೇಗ 40 ಕಿ.ಮೀ. ಮೀರಬಾರದು. ಕೇರಳದಲ್ಲಿ 2023ರ ಜೂನ್‌ನಲ್ಲಿ 726 ಕ್ಯಾಮೆರಾಗಳು ದಂಡ ಹಾಕಲು ತೊಡಗಿದಾಗ, 12 ವರ್ಷದೊಳಗಿನ ಮಗು ಮೂರನೆಯವನಾಗಿ ಕೂತರೆ ಸದ್ಯಕ್ಕೆ ದಂಡವಿಲ್ಲ ಎಂದು ಸರಕಾರ ಹೇಳಿತು. ಬಡವರ ಮನೆಯಲ್ಲಿ ಇರುವುದು ಒಂದೇ ವಾಹನ, ಆ ಕಷ್ಟ ಗೊತ್ತಿದ್ದೇ ಹೇಳಿದ ಮಾತು ಅದು. ಬಿದ್ದಾಗ ರಸ್ತೆ ಮಾತ್ರ ಅಂಥ ರಿಯಾಯಿತಿ ಕೊಡುವುದಿಲ್ಲ. ಹತ್ತನೇ ತರಗತಿಯ ಹುಡುಗನ ಕೈಗೆ ಬೈಕಿನ ಕೀಲಿ ಕೊಡುವ ಅಪ್ಪಂದಿರು ಇದನ್ನೂ ತಿಳಿದಿರಲಿ: 2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡ, ಮೂರು ವರ್ಷದ ವರೆಗೆ ಜೈಲು ಹೆತ್ತವರಿಗೆ ಅಥವಾ ವಾಹನದ ಮಾಲಿಕರಿಗೆ. ಹುಡುಗನಿಗೆ 25 ವರ್ಷ ತುಂಬುವ ವರೆಗೆ ಲೈಸನ್ಸ್ ಇಲ್ಲ.

ಅಪಘಾತ ಕಂಡರೆ 112ಕ್ಕೆ ಅಥವಾ 108ಕ್ಕೆ ಕರೆ ಮಾಡಿ. ಹೆದ್ದಾರಿಯಲ್ಲಾದರೆ 1033 ಪ್ರಾಧಿಕಾರದ್ದೇ ಸಂಖ್ಯೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದಿಲ್ಲ, ಕೇಸಿಗೆ ಸಿಕ್ಕಿಕೊಳ್ಳುವುದೂ ಇಲ್ಲ. ಕಾನೂನು ಹಾಗೆ ರಕ್ಷಣೆ ಕೊಟ್ಟಿದೆ. 2025ರ ಮೇ ತಿಂಗಳಿನಿಂದ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿ ವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆಯೂ ಇದೆ.

ಶಾಲೆಯ ಮುಂದಿನ ಪಿ.ಟಿ.ಎ. ಸಭೆಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಬೆಳಗ್ಗೆ ಶಾಲೆಯ ಹೊತ್ತಿಗೆ, ಸಾಧ್ಯವಾದರೆ ಮಳೆಯ ದಿನ, ಮಗುವಿನ ಜೊತೆ ಮನೆಯಿಂದ ಶಾಲೆಯ ವರೆಗೆ ನಡೆದು ಬನ್ನಿ. ಅಂಡರ್‌ಪಾಸ್‌ನಲ್ಲಿ ನೀರು ನಿಂತಿದೆಯೇ? ದೀಪ ಉರಿಯುತ್ತದೆಯೇ? ಫಲಕ ಮಲಯಾಳ, ಇಂಗ್ಲಿಷಿನಲ್ಲಷ್ಟೇ ಇದ್ದರೆ ಕನ್ನಡದಲ್ಲೂ ಬರೆಸಬೇಕೆಂದು ಕೇಳಿ. ಕಾಸರಗೋಡಿನ ಭಾಷಾ ಅಲ್ಪಸಂಖ್ಯಾತರು ಅದನ್ನು ಕೇಳುವುದರಲ್ಲಿ ಸಂಕೋಚವೇನಿಲ್ಲ. ಮಕ್ಕಳು ಅಡ್ಡ ದಾಟುವ ಜಾಗ, ಹೊತ್ತು, ಎಷ್ಟು ಮಕ್ಕಳು, ತಪ್ಪಿದ ಅಪಘಾತಗಳ ದಿನಾಂಕ ಇಷ್ಟನ್ನೂ ಬರೆದು, ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷಾ ಸಮಿತಿಗೆ ಕಳುಹಿಸಿ. ಒಂದು ಪ್ರತಿ ಪ್ರಾಧಿಕಾರಕ್ಕೆ, ಒಂದು ಪಂಚಾಯತಿಗೆ. ಸ್ವೀಕೃತಿ ಪತ್ರವನ್ನು ಶಾಲೆಯ ಫೈಲಿನಲ್ಲಿಡಿ.