ಒಂದು ಅಗುಳು ಹೇಳದ ಸಂಗತಿ

ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯನ್ನೆಲ್ಲ ಬಗ್ಗಿಸಿ ನೋಡಬೇಕಿಲ್ಲ, ಒಂದು ಅಗುಳು ಹಿಸುಕಿದರೆ ಸಾಕು. ಹೊಸ ಕ್ರೆಡಿಟ್ ಕಾರ್ಡ್ ಕೈಗೆ ಬಂದ ಅನೇಕರು ಇದೇ ಲೆಕ್ಕ ಹಾಕುತ್ತಾರೆ. ಫ್ರಿಜ್ಜೋ ಚಿನ್ನದ ಸರವೋ ಕೊಳ್ಳುವ ಮುಂಚೆ ಬೇಕರಿಯಲ್ಲೋ ಮೆಡಿಕಲ್ ಶಾಪಿನಲ್ಲೋ ನೂರಿನ್ನೂರು ರೂಪಾಯಿಗೆ ಕಾರ್ಡ್ ಉಜ್ಜಿ ನೋಡುತ್ತಾರೆ. ಮೆಷಿನ್ನಿನಿಂದ ಚೀಟಿ ಬಂತು, ಮೊಬೈಲಿಗೆ ಮೆಸೇಜ್ ಬಂತು, ಅಲ್ಲಿಗೆ ಪರೀಕ್ಷೆ ಪಾಸು. ಈ ಎಚ್ಚರಿಕೆಯನ್ನು ಹಳಿಯುವಂತಿಲ್ಲ. ಆದರೆ ಅಗುಳಿನ ತರ್ಕ ನಿಂತಿರುವುದು ಒಂದೇ ಆಧಾರದ ಮೇಲೆ: ಪಾತ್ರೆಯ ಅಷ್ಟೂ ಅಗುಳು ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ, ಅಷ್ಟೇ ಹೊತ್ತು ಬೆಂದಿವೆ. 150 ರೂಪಾಯಿಯ ಬ್ರೆಡ್ಡಿಗೂ ಒಂದೂವರೆ ಲಕ್ಷದ ಸರಕ್ಕೂ ಈ ಮಾತು ಹೊಂದುವುದಿಲ್ಲ. ಎರಡೂ ಅದೇ ಕಾರ್ಡಿನಿಂದ ಹೊರಟರೂ ದಾರಿಯಲ್ಲಿ ಎದುರಿಸುವ ತಪಾಸಣೆಗಳು ಬೇರೆ. ಸಣ್ಣ ಖರೀದಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ಬಿಡಿಸಿ ನೋಡದೆ ಮಾಡಿದ ಪರೀಕ್ಷೆ ಬರೀ ಸಮಾಧಾನವಾಗುತ್ತದೆ.

ಮೊದಲು ದಾರಿಯನ್ನೇ ನೋಡೋಣ. ಕಾರ್ಡನ್ನು ಮೆಷಿನ್ನಿಗೆ ತೂರಿಸಿದಾಗ ಅದರ ಚಿಪ್ಪು ತನ್ನೊಳಗಿನ ಗುಟ್ಟಿನ ಕೀಲಿಯಿಂದ ಒಂದು ಸಂಕೇತವನ್ನು ಲೆಕ್ಕ ಮಾಡುತ್ತದೆ. ಮೊತ್ತ, ದಿನಾಂಕ, ಮೆಷಿನ್ ಕೊಟ್ಟ ಒಂದು ಯಾದೃಚ್ಛಿಕ ಸಂಖ್ಯೆ, ಇದು ಕಾರ್ಡಿನ ಎಷ್ಟನೆಯ ವ್ಯವಹಾರ ಎಂಬ ಎಣಿಕೆ, ಇಷ್ಟೂ ಆ ಲೆಕ್ಕದಲ್ಲಿ ಸೇರುತ್ತವೆ. ಹಾಗಾಗಿ ಒಮ್ಮೆ ಹುಟ್ಟಿದ ಸಂಕೇತ ಇನ್ನೊಮ್ಮೆ ಕೆಲಸಕ್ಕೆ ಬಾರದು. ಅಂಗಡಿಯ ಬ್ಯಾಂಕು ಈ ವಿವರಗಳನ್ನು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲಕ್ಕೆ ದಾಟಿಸುತ್ತದೆ, ಜಾಲ ಅದನ್ನು ಕಾರ್ಡ್ ಕೊಟ್ಟ ಬ್ಯಾಂಕಿಗೆ ಮುಟ್ಟಿಸುತ್ತದೆ. ಉತ್ತರವಾಗಿ ಹಿಂದಿರುಗುವುದು ಎರಡಂಕಿಯ ಒಂದು ಕೋಡ್: ‘00’ ಎಂದರೆ ಒಪ್ಪಿಗೆ. ಇಷ್ಟೆಲ್ಲ ಮುಗಿಯುವುದು ಕೆಲವೇ ಸೆಕೆಂಡುಗಳಲ್ಲಿ. ಬೇಕರಿಯ ಪರೀಕ್ಷೆ ಈ ದಾರಿ ತೆರೆದಿದೆ ಎಂದು ಸಾಬೀತು ಮಾಡುತ್ತದೆ, ಅದು ಸಣ್ಣ ಮಾತಲ್ಲ. ಚಿಪ್ಪು ಕೆಟ್ಟಿಲ್ಲ, ಕಾರ್ಡ್ ಚಾಲೂ ಆಗಿದೆ, ಬ್ಯಾಂಕಿನ ಕಡತದಲ್ಲಿರುವ ಮೊಬೈಲ್ ನಂಬರ್ ಸರಿಯಿದೆ ಎಂಬ ಮೂರು ಸಂಗತಿ ಖಚಿತವಾದವು. (ಆನ್‌ಲೈನ್ ಅಂಗಡಿಯ ಪುಟದಲ್ಲಿ ಕಾರ್ಡ್ ನಂಬರ್ ಹೊಡೆದಾಗ ಕೆಂಪು ಗುರುತು ಬರಲಿಲ್ಲವೆಂದರೆ ಇದರಲ್ಲಿ ಒಂದೂ ಖಚಿತವಾಗುವುದಿಲ್ಲ. ಐಬಿಎಂನ ಹಾನ್ಸ್ ಪೀಟರ್ ಲೂನ್ 1960ರಲ್ಲಿ ಪೇಟೆಂಟ್ ಪಡೆದ ಒಂದು ಕೂಡುವ ಲೆಕ್ಕದಿಂದ, ಅಂಕಿ ತಪ್ಪಿ ಬಿದ್ದಿದೆಯೇ ಎಂದಷ್ಟೇ ಆ ಪುಟ ನೋಡುತ್ತದೆ. ಬ್ಯಾಂಕಿಗೆ ಆ ಹೊತ್ತಿನಲ್ಲಿ ಸುದ್ದಿಯೇ ಹೋಗಿರುವುದಿಲ್ಲ.)

ಆದರೆ ದಾರಿ ಒಂದೇ ಅಲ್ಲ, ಮೂರ್ನಾಲ್ಕಿವೆ, ಒಂದು ತೆರೆದಿದ್ದರೆ ಉಳಿದವೂ ತೆರೆದಿರಬೇಕೆಂದಿಲ್ಲ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಹೊಸ ಕಾರ್ಡ್ ಕೈಸೇರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಮೆಷಿನ್ನುಗಳಲ್ಲಿ, ಅದೂ ತೂರಿಸಿ ಬಳಸುವುದಕ್ಕೆ ಮಾತ್ರ ಸಿದ್ಧವಾಗಿರುತ್ತದೆ. ಆನ್‌ಲೈನ್ ಖರೀದಿ, ವಿದೇಶಿ ವ್ಯವಹಾರ, ತಾಗಿಸಿ ಪಾವತಿ, ಇವನ್ನು ಗ್ರಾಹಕರೇ ಆ್ಯಪ್‌ನಲ್ಲಿ ಒಂದೊಂದಾಗಿ ತೆರೆಯಬೇಕು. ಮಳಿಗೆಯಲ್ಲಿ ಸಲೀಸಾಗಿ ನಡೆದ ಕಾರ್ಡ್ ವಿಮಾನದ ಟಿಕೆಟ್ ಕೊಳ್ಳುವಾಗ ಮುಗ್ಗರಿಸಲು ಎಷ್ಟೋ ಸಲ ಇದೇ ಕಾರಣ. ಇದಕ್ಕಿಂತ ಮೋಸದ ಸಂದರ್ಭ ತಾಗಿಸುವ ಪರೀಕ್ಷೆಯದು. 2021ರ ಜನವರಿ 1ರಿಂದ 5,000 ರೂಪಾಯಿವರೆಗಿನ ಪಾವತಿಗೆ ಕಾರ್ಡನ್ನು ಮೆಷಿನ್ನಿಗೆ ತಾಗಿಸಿದರೆ ಸಾಕು, ಪಿನ್ ಬೇಕಿಲ್ಲ. ಕಾಫಿಗೆ ತಾಗಿಸಿ ನೋಡಿ ‘ನಡೆಯಿತು’ ಎಂದವರು ಪಿನ್ನನ್ನು ಪರೀಕ್ಷಿಸಿಯೇ ಇಲ್ಲ, ಚಿಪ್ಪಿನ ಚಿನ್ನದ ಬಣ್ಣದ ತಗಡು ಮೆಷಿನ್ನಿಗೆ ಮುಟ್ಟಿಯೂ ಇಲ್ಲ. ನಾಳೆ ಚಿನ್ನದಂಗಡಿಯಲ್ಲಿ ಬೇಕಾಗುವುದು ಆ ಎರಡೇ.

ಇಷ್ಟು ದಾರಿಯ ಮಾತಾಯಿತು. ದಾರಿಯ ಕೊನೆಯಲ್ಲಿ ಕೂತಿರುವ ತೀರ್ಪುಗಾರನದು ಬೇರೆಯೇ ಕತೆ. ಸ್ಯಾನ್ ಡಿಯಾಗೋದ ಎಚ್‌ಎನ್‌ಸಿ ಎಂಬ ಕಂಪನಿ 1992ರಲ್ಲಿ ನರಜಾಲ ಮಾದರಿಯ ‘ಫಾಲ್ಕನ್’ ತಂತ್ರಾಂಶವನ್ನು ಬ್ಯಾಂಕುಗಳಿಗೆ ಕೊಟ್ಟಿತು. ಅಲ್ಲಿಂದೀಚೆಗೆ ಕಾರ್ಡ್ ವ್ಯವಹಾರಗಳಿಗೆ ಅನುಮಾನದ ಅಂಕ ಕೊಡುವ ಕೆಲಸ ಹೆಚ್ಚುಹೆಚ್ಚಾಗಿ ಯಂತ್ರಗಳ ಪಾಲಾಗಿದೆ. ಮೊತ್ತ ಎಷ್ಟು, ಊರು ಯಾವುದು, ಹಿಂದಿನ ವ್ಯವಹಾರ ಮುಗಿದು ಎಷ್ಟು ಹೊತ್ತಾಯಿತು, ಅಂಗಡಿ ಯಾವ ಜಾತಿಯದು ಎಂದೆಲ್ಲ ಅದು ನೋಡುತ್ತದೆ. ಅಂಗಡಿಗಳಿಗೂ ನಾಲ್ಕಂಕಿಯ ಜಾತಿಪಟ್ಟಿಯಿದೆ: ದಿನಸಿಗೆ 5411, ಎಲೆಕ್ಟ್ರಾನಿಕ್ಸಿಗೆ 5732, ಒಡವೆಗೆ 5944. ಕದ್ದ ಕಾರ್ಡಿನಿಂದ ಅಕ್ಕಿಬೇಳೆ ಕೊಳ್ಳುವವರು ಕಡಿಮೆ, ಮತ್ತೆ ಮಾರಿಕೊಳ್ಳಬಹುದಾದ ಫೋನು, ಒಡವೆ ಕೊಳ್ಳುವವರೇ ಹೆಚ್ಚು. ಹಳೆಯ ಕಾರ್ಡಾದರೆ ಮಾಲೀಕರ ರೂಢಿಯೇ ಅವರ ಪರವಾಗಿ ಸಾಕ್ಷಿ ಹೇಳುತ್ತದೆ. ಹೊಸ ಕಾರ್ಡಿಗೆ ಅಂಥ ಸಾಕ್ಷಿಯಿಲ್ಲ. ಸೊನ್ನೆ ಇತಿಹಾಸದ ಕಾರ್ಡೊಂದು ಮೊದಲ ದಿನವೇ ಒಡವೆಯಂಗಡಿಗೆ ನುಗ್ಗಿ ಮಿತಿಯ ಅಂಚಿನವರೆಗೆ ಖರ್ಚಿಗಿಳಿದರೆ, ಅದು ಮಗಳ ಮದುವೆಯೋ ಟಪಾಲಿನಲ್ಲಿ ಕದ್ದ ಕಾರ್ಡೋ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಇಲ್ಲಿ ಒಂದು ಆಕ್ಷೇಪ ಸಹಜ. ಅಷ್ಟು ಜಾಣ ಯಂತ್ರಗಳು ಪ್ರಾಮಾಣಿಕ ಗ್ರಾಹಕರನ್ನು ತಡೆದು ಮಾನ ಕಳೆಯುವುದೇಕೆ? ಉತ್ತರ ಯಂತ್ರದ ದಡ್ಡತನದಲ್ಲಿಲ್ಲ, ಲೆಕ್ಕದಲ್ಲಿದೆ. ಬರೀ ವಾದಕ್ಕಾಗಿ ಒಂದಿಷ್ಟು ಅಂಕಿ ಇಟ್ಟುಕೊಳ್ಳೋಣ. ಹತ್ತು ಲಕ್ಷ ವ್ಯವಹಾರಗಳಲ್ಲಿ ನೂರು ಮಾತ್ರ ಕಳ್ಳರವು ಎನ್ನೋಣ. ಯಂತ್ರ ಕಳ್ಳರಲ್ಲಿ ಶೇ 90 ಮಂದಿಯನ್ನು ಹಿಡಿಯುತ್ತದೆ, ಒಳ್ಳೆಯವರಲ್ಲಿ ಶೇ 1ರಷ್ಟು ಜನರನ್ನಷ್ಟೇ ತಪ್ಪಾಗಿ ತಡೆಯುತ್ತದೆ. ಕೇಳಲು ಸೊಗಸಾದ ಯಂತ್ರವೇ. ಹಿಡಿದ ಕಳ್ಳ ವ್ಯವಹಾರಗಳು 90. ತಡೆದ ಪ್ರಾಮಾಣಿಕ ವ್ಯವಹಾರಗಳೋ 9,999! ಅಂದರೆ ತಡೆಯಲ್ಪಟ್ಟ 112ರಲ್ಲಿ ಹೆಚ್ಚುಕಡಿಮೆ ಒಂದೇ ನಿಜವಾದ ಕಳ್ಳತನ. ಹುಡುಕುವ ವಸ್ತು ಅಪರೂಪವಾದಷ್ಟೂ ಸುಳ್ಳು ಎಚ್ಚರಿಕೆ ಹೆಚ್ಚುತ್ತದೆ. ಅಪರೂಪದ ಕಾಯಿಲೆಗೆ ಊರಿನವರಿಗೆಲ್ಲ ಪರೀಕ್ಷೆ ಮಾಡಿಸಿದಾಗ ಆಗುವುದೂ ಇದೇ. ಹಾಗಾಗಿ ಬ್ಯಾಂಕುಗಳು ತಡೆಯುವ ಗೆರೆಯನ್ನು ಬಹಳ ಮೇಲೆ ಎಳೆಯಬೇಕಾಗುತ್ತದೆ. ಎಷ್ಟು ಮೇಲೆ ಎಳೆದರೂ ಅದರ ಹತ್ತಿರ ಸುಳಿಯುವುದು ದೊಡ್ಡ ಮೊತ್ತಗಳು, ಹೊಸ ಕಾರ್ಡುಗಳು. 150 ರೂಪಾಯಿ ಆ ಗೆರೆಯ ಬಳಿಗೂ ಹೋಗುವುದಿಲ್ಲವಾದ್ದರಿಂದ ಗೆರೆ ಎಲ್ಲಿದೆ ಎಂದು ಅದು ತಿಳಿಸಲಾರದು.

ಇನ್ನೂ ವಕ್ರವಾದ ಒಂದು ಸಂಗತಿಯಿದೆ. ಕದ್ದ ಕಾರ್ಡ್ ನಂಬರುಗಳ ಕಂತೆ ಕೊಂಡವನು ಮೊದಲು ಮಾಡುವ ಕೆಲಸವೂ ಸಣ್ಣ ಮೊತ್ತದ ಪರೀಕ್ಷೆಯೇ. ಯಾವುದು ಜೀವಂತ ಎಂದು ಕೆಲವೇ ರೂಪಾಯಿಯಲ್ಲಿ ನೋಡಿಕೊಂಡು, ನಡೆದ ನಂಬರಿನಿಂದ ಬೆನ್ನಿಗೇ ದೊಡ್ಡ ಖರೀದಿಗೆ ಇಳಿಯುತ್ತಾನೆ. ಜೋಪಾನದ ಗೃಹಸ್ಥನೂ ನುರಿತ ಕಳ್ಳನೂ ಒಂದೇ ವಿಧಾನ ಪಾಲಿಸುತ್ತಾರೆಂದಾಯಿತು. ಹಾಗಾದರೆ ಪರೀಕ್ಷೆ ಮಾಡುವುದೇ ಅಪಾಯವೇ ಎಂದು ಕೇಳಬಹುದು. ಅಷ್ಟು ದೂರ ಹೋಗಬೇಕಿಲ್ಲ. ಕಳ್ಳರ ಪರೀಕ್ಷೆ ಹೆಚ್ಚಾಗಿ ನಡೆಯುವುದು ಕಾರ್ಡ್ ಕೈಯಲ್ಲಿಲ್ಲದ ಆನ್‌ಲೈನ್ ವ್ಯವಹಾರದಲ್ಲಿ. ಚಿಪ್ಪು ತೂರಿಸಿ ಪಿನ್ ಒತ್ತಿದ ಖರೀದಿಗೆ ಅಷ್ಟರಮಟ್ಟಿಗೆ ಪುರಾವೆಯ ಬಲ ಇದೆ. ಕಳ್ಳರಿಗೆ ಆತುರವೂ ಇರುತ್ತದೆ, ಮಾಲೀಕರು ಎಚ್ಚೆತ್ತು ಕಾರ್ಡ್ ಬ್ಲಾಕ್ ಮಾಡಿಸುವ ಮುಂಚೆ ಮುಗಿಸಬೇಕು. ಗೃಹಸ್ಥರಿಗೆ ಆ ಆತುರ ಇಲ್ಲ. ಅದೇ ಅವರ ಅನುಕೂಲ. ಚಿನ್ನದಂಗಡಿಯ ಪಕ್ಕದ ಜ್ಯೂಸ್ ಅಂಗಡಿಯಲ್ಲಿ ಉಜ್ಜಿ ಐದು ನಿಮಿಷಕ್ಕೆ ಸರ ಕೊಳ್ಳಲು ಹೋಗುವುದಕ್ಕೂ, ಎರಡು ಮೂರು ವಾರ ಮುಂಚಿನಿಂದ ದಿನಸಿ, ಪೆಟ್ರೋಲು, ಔಷಧಿಗಳಿಗೆ ಅದೇ ಕಾರ್ಡ್ ಬಳಸುತ್ತ ಬರುವುದಕ್ಕೂ ವ್ಯತ್ಯಾಸ ಅಗಾಧ. ಮೊದಲನೆಯದು ದಾರಿಯನ್ನಷ್ಟೇ ಪರೀಕ್ಷಿಸುತ್ತದೆ. ಎರಡನೆಯದು ಸಾಕ್ಷಿಯನ್ನು ಬೆಳೆಸುತ್ತದೆ, ತೀರ್ಪುಗಾರನೆದುರು ಇಡಲು ಒಂದು ರೂಢಿ ಹುಟ್ಟುತ್ತದೆ.

ಲಿಮಿಟ್ ಎರಡು ಲಕ್ಷ ಇರುವಾಗ ಒಂದೂವರೆ ಲಕ್ಷಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು ಎನ್ನುವವರೂ ಇದ್ದಾರೆ. ಎರಡು ಲಕ್ಷ ಎಂಬುದು ಸಾಲದ ಒಟ್ಟು ಮಿತಿ. ಅದರೊಳಗೆ ಒಂದು ದಿನಕ್ಕೆ, ಒಂದು ವ್ಯವಹಾರಕ್ಕೆ, ಅಂಗಡಿಗೆ ಬೇರೆ, ಆನ್‌ಲೈನಿಗೆ ಬೇರೆ ಎಂದು ಆ್ಯಪ್‌ನಲ್ಲಿ ಒಳಮಿತಿಗಳಿರುತ್ತವೆ. ಹಿಂದಿನ ಒಪ್ಪಿಗೆಗಳು ತಡೆಹಿಡಿದ ಮೊತ್ತವೂ ಅದರಿಂದ ಕಳೆಯುತ್ತದೆ, ಹೋಟೆಲಿನ ಮುಂಗಡದಂಥವು ಕೆಲವು ದಿನ ಹಾಗೇ ಕೂತಿರುತ್ತವೆ. ಇದನ್ನು ತಿಳಿಯಲು ಯಾವ ಪ್ರಯೋಗವೂ ಬೇಡ, ಆ್ಯಪ್ ತೆರೆದು ಓದಿದರಾಯಿತು. ಎಟಿಎಂನಲ್ಲಿ ಐನೂರು ರೂಪಾಯಿ ತೆಗೆದು ಕ್ರೆಡಿಟ್ ಕಾರ್ಡ್ ಪರೀಕ್ಷಿಸುವ ಜಾಣತನವೊಂದಿದೆ, ಅದನ್ನಂತೂ ಬಿಡುವುದೇ ಲೇಸು. ನಗದು ತೆಗೆದರೆ ಶುಲ್ಕ ಬೇರೆ, ಬಡ್ಡಿ ತೆಗೆದ ದಿನದಿಂದಲೇ ಬೇರೆ.

ಬ್ಯಾಂಕಿಗೆ ಮೊದಲೇ ಫೋನ್ ಮಾಡಿ ಹೇಳಿಟ್ಟರೆ? ಕೆಲವೊಮ್ಮೆ ಉಪಯೋಗವಾದೀತು, ಆದರೆ ಆ ಕ್ಷಣದ ಅಂಕ ಕೊಡುವ ಯಂತ್ರಕ್ಕೆ ಆ ಮಾತು ತಲುಪಿಯೇ ತಲುಪುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಅದಕ್ಕಿಂತ, ಕೊಳ್ಳುವ ರೀತಿಯಲ್ಲೇ ಪರೀಕ್ಷಿಸುವುದು ಮೇಲು: ದೊಡ್ಡ ಖರೀದಿ ಅಂಗಡಿಯಲ್ಲಾದರೆ ತೂರಿಸಿ ಪಿನ್ ಒತ್ತಿ, ಆನ್‌ಲೈನಾದರೆ ಒಟಿಪಿ ಬರುವವರೆಗೂ ಹೋಗಿ. ಮೊತ್ತವೂ ಒಂದೇ ನೆಗೆತಕ್ಕೆ ಏರದೆ ನೂರರಿಂದ ಸಾವಿರಕ್ಕೆ, ಸಾವಿರದಿಂದ ಹತ್ತು ಸಾವಿರಕ್ಕೆ ಏರಿದರೆ ಒಳ್ಳೆಯದು. ಇಷ್ಟಾದರೂ ಆ ದಿನ ಕಾರ್ಡ್ ನಿರಾಕರಣೆಯಾಗಬಹುದು. ಆಗ ಮತ್ತೆ ಮತ್ತೆ ಉಜ್ಜುವುದು ಕೆಟ್ಟ ಉಪಾಯ, ಕಡಿಮೆ ಹೊತ್ತಿನಲ್ಲಿ ಹೆಚ್ಚು ಯತ್ನಗಳು ಕಂಡಷ್ಟೂ ಅನುಮಾನ ಬಲಿಯುತ್ತದೆ. ಮೆಷಿನ್ ಕೋಡ್ ತೋರಿಸಿದರೆ ಅದನ್ನು ಓದಬೇಕು. 51 ಎಂದರೆ ಮಿತಿಯಲ್ಲಿ ಹಣ ಉಳಿದಿಲ್ಲ, 55 ಎಂದರೆ ಪಿನ್ ತಪ್ಪು, 61 ಎಂದರೆ ಒಳಮಿತಿ ಮೀರಿದೆ, 57 ಎಂದರೆ ಆ ಬಗೆಯ ವ್ಯವಹಾರಕ್ಕೆ ಕಾರ್ಡಿಗೆ ಅನುಮತಿಯೇ ಇಲ್ಲ. ಇವುಗಳಲ್ಲಿ ಬಹುಪಾಲನ್ನು ಕೌಂಟರಿನ ಮುಂದೆ ನಿಂತೇ ಆ್ಯಪ್‌ನಲ್ಲಿ ಸರಿಮಾಡಬಹುದು. 05 ಬಂದರೆ ಮಾತ್ರ ಬ್ಯಾಂಕು ಕಾರಣ ಹೇಳದೆ ‘ಒಲ್ಲೆ’ ಎಂದಿದೆ, ಕಾರ್ಡಿನ ಹಿಂಬದಿಯ ನಂಬರಿಗೆ ಫೋನ್ ಹಚ್ಚುವ ಹೊತ್ತು ಅದು.