ಅಟ್ಲಾಂಟಿಕ್ ಸಮುದ್ರದ ಅಂತಃಪ್ರವಾಹವೂ ವಾಯುಗುಣದ ತಾಪವೃದ್ಧಿಯೂ

ಗಾಂಭೀರ್ಯಕ್ಕೂ ಸ್ಥೈರ್ಯಕ್ಕೂ ಸಮುದ್ರವನ್ನು ಉಪಮಾನವಾಗಿ ಹೇಳುವುದು ಕವಿಗಳಲ್ಲಿ ರೂಢವಾಗಿದೆ. ಮೇಲೆ ತೆರೆಗಳೆದ್ದರೂ ಒಳಗಿನ ನೀರು ಅಲುಗದೆ ನಿಂತಿರುವುದೆಂಬ ಭಾವನೆಯೇ ಈ ಉಪಮೆಗೆ ಆಧಾರವು. ಕಾವ್ಯದಲ್ಲಿ ಇದು ಯುಕ್ತವಾದುದೇ. ವಸ್ತುಸ್ಥಿತಿಯು ಮಾತ್ರ ಬೇರೆ. 1751ರಲ್ಲಿ ಹೆನ್ರಿ ಎಲಿಸ್ ಎಂಬ ನಾವಿಕನು, ಗುಲಾಮರನ್ನು ಸಾಗಿಸುವ ಆಂಗ್ಲ ನೌಕೆಯೊಂದರ ಒಡೆಯನಾಗಿ ಅಟ್ಲಾಂಟಿಕ್ ಸಮುದ್ರದಲ್ಲಿ ಹೋಗುತ್ತಿದ್ದಾಗ, ಉತ್ತರ ಅಕ್ಷಾಂಶ 25ರ ಸಮೀಪದಲ್ಲಿ ಕದಗಳುಳ್ಳ ಪಾತ್ರೆಯೊಂದನ್ನು ಆಳಕ್ಕೆ ಇಳಿಬಿಟ್ಟು ನೀರನ್ನು ತೆಗೆಸಿದನು. ಮೇಲಣ ನೀರಿನ ಉಷ್ಣಮಾನವು ಫ್ಯಾರನ್‌ಹೀಟ್ 84 ಅಂಶಗಳಿದ್ದರೆ ಆಳದ ನೀರಿನದು 53 ಮಾತ್ರವೇ ಇದ್ದಿತು. ಆತನು ಆ ತಣ್ಣೀರನ್ನು ಸ್ನಾನಕ್ಕೂ ಮದ್ಯವನ್ನು ತಂಪುಮಾಡುವುದಕ್ಕೂ ಬಳಸಿ ತೃಪ್ತನಾದನು. ಅದರ ಕಾರಣವನ್ನು ವಿಚಾರಿಸಲು ಅರ್ಧ ಶತಮಾನವೇ ಹಿಡಿಯಿತು. ಸೂರ್ಯನ ತಾಪವು ತೀವ್ರವಾಗಿರುವ ಆ ಪ್ರದೇಶದಲ್ಲಿ ಇಂತಹ ಶೈತ್ಯವು ಹುಟ್ಟಲಾರದು. ಆದುದರಿಂದ ಧ್ರುವಪ್ರದೇಶದ ನೀರೇ ತಳದಲ್ಲಿ ಹರಿದು ಬಂದಿರಬೇಕು. ಹಾಗೆ ಬಂದಿದ್ದರೆ ಬಿಸಿನೀರು ಮೇಲ್ಭಾಗದಲ್ಲಿ ಧ್ರುವದ ಕಡೆಗೆ ಹೋಗುತ್ತಿರಲೇಬೇಕು ಎಂದು ರಂಫರ್ಡ್ ಎಂಬ ವಿದ್ವಾಂಸನು ನಿರ್ಣಯಿಸಿದನು. ನದಿಯ ಪೂರವನ್ನು ನೋಡಿ ಮೇಲೆ ಮಳೆಯಾಗಿರುವುದನ್ನು ಊಹಿಸುವಂತೆ, ಕಾರ್ಯದಿಂದ ಕಾರಣಕ್ಕೆ ಹೋಗುವ ಶೇಷವದನುಮಾನವೇ ಇದು.

ಈಗ ತಿಳಿದಿರುವ ಕ್ರಮವು ಹೀಗಿದೆ. ಉಷ್ಣವಲಯದ ಬಿಸಿಯಾದ, ಹೆಚ್ಚು ಉಪ್ಪಾದ ನೀರು ಉತ್ತರಕ್ಕೆ ಹರಿದು, ಗ್ರೀನ್‌ಲೆಂಡಿನ ಸುತ್ತಣ ಕಡಲುಗಳಲ್ಲಿ ತನ್ನ ಶಾಖವನ್ನು ಗಾಳಿಗೆ ಒಪ್ಪಿಸಿ ತಣ್ಣಗಾಗುತ್ತದೆ. ಶೈತ್ಯ, ಲವಣ ಇವೆರಡೂ ಸೇರಿದುದರಿಂದ ಅದರ ಸಾಂದ್ರತೆಯು ಹೆಚ್ಚಿ, ಅದು ಮುಳುಗಿ, ಎರಡು ಮೂರು ಕಿಲೋಮೀಟರುಗಳ ಆಳದಲ್ಲಿ ದಕ್ಷಿಣಕ್ಕೆ ಹಿಂದಿರುಗುತ್ತದೆ. ಹೀಗೆ ತಿರುಗುವ ನೀರಿನ ಮೊತ್ತವು ಸೆಕೆಂಡಿಗೆ ಸುಮಾರು 1 ಕೋಟಿ 70 ಲಕ್ಷ ಘನಮೀಟರುಗಳು. ಅಮೆಜಾನ್ ನದಿಯು ಸಮುದ್ರಕ್ಕೆ ಸುರಿಯುವುದರ ಎಂಬತ್ತು ಪಾಲಿಗೂ ಮೇಲೆ. ವಾಲೇಸ್ ಬ್ರೋಕರ್ ಎಂಬ ಅಮೆರಿಕದ ಪಂಡಿತನು 1987ರಲ್ಲಿ ಇದನ್ನು ಸರಕು ಸಾಗಿಸುವ ಯಂತ್ರದ ಪಟ್ಟಿಗೆ ಹೋಲಿಸಿದನು; ಆ ರೂಪಕವು ಲೋಕಪ್ರಸಿದ್ಧವಾಯಿತು. ಆದರೆ ಶಾಸ್ತ್ರದಲ್ಲಿ ರೂಪಕವು ಮಿತಿಮೀರಿದರೆ ಭ್ರಾಂತಿಗೆ ಎಡೆಯಾಗುವುದು. ಸಮುದ್ರದಲ್ಲಿ ಒಂದೇ ಅಖಂಡವಾದ ಪಟ್ಟಿಯಿಲ್ಲ. ಇದೇ ಭ್ರಾಂತಿಯಿಂದ ಗಲ್ಫ್ ಪ್ರವಾಹವೇ ನಿಂತುಹೋಗುವುದೆಂದು ಕೆಲವರು ಬರೆಯುತ್ತಾರೆ, ಅದು ಸಾಧುವಲ್ಲ. ಆ ಪ್ರವಾಹಕ್ಕೆ ಮುಖ್ಯ ಪ್ರೇರಕವು ಗಾಳಿ. ಗಾಳಿ ಬೀಸುತ್ತ ಭೂಮಿ ತಿರುಗುತ್ತ ಇರುವವರೆಗೆ ಅದು ಇದ್ದೇ ಇರುವುದು. ಕುಂದಬಹುದಾದುದು ಉತ್ತರದಲ್ಲಿ ನೀರು ಮುಳುಗಿ ತಳದಲ್ಲಿ ಮರಳುವ ವ್ಯಾಪಾರವು.

ಮನುಷ್ಯನು ಇಂಗಾಲಾಮ್ಲವನ್ನು ವಾಯುಮಂಡಲಕ್ಕೆ ಬಿಟ್ಟುದರಿಂದ ಭೂಮಿಯಲ್ಲಿ ನಿಂತ ಅಧಿಕ ಶಾಖದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನ ಭಾಗವನ್ನು ಸಮುದ್ರವೇ ನುಂಗಿದೆ. ಮೇಲಣ ನೀರು ಬೆಚ್ಚಗಾದಷ್ಟೂ ಹಗುರವಾಗುತ್ತದೆ. ಅದರ ಮೇಲೆ ಗ್ರೀನ್‌ಲೆಂಡಿನ ಹಿಮರಾಶಿಯು 2002ರಿಂದೀಚೆಗೆ ವರ್ಷಕ್ಕೆ ಸರಾಸರಿ ಸುಮಾರು 27,000 ಕೋಟಿ ಟನ್ನುಗಳಷ್ಟು ಕರಗಿ, ಸಿಹಿನೀರು ಕಡಲಿಗೆ ಸೇರಿ, ಉಪ್ಪನ್ನು ತೆಳುವು ಮಾಡುತ್ತಿದೆ. ಶೈತ್ಯವೂ ಲವಣವೂ ಕುಗ್ಗಿದಲ್ಲಿ ನೀರು ಮುಳುಗುವುದಕ್ಕೆ ಹೇತುವೇ ದುರ್ಬಲವಾಗುವುದು. ಹೆನ್ರಿ ಸ್ಟಾಮೆಲ್ 1961ರಲ್ಲಿ ಎರಡು ತೊಟ್ಟಿಗಳ ಗಣಿತದಿಂದ ಇದರಲ್ಲಿ ಅಡಗಿರುವ ಅಪಾಯವನ್ನು ತೋರಿಸಿದನು. ಉತ್ತರಕ್ಕೆ ಉಪ್ಪನ್ನು ಒಯ್ಯುವುದು ಪ್ರವಾಹವೇ. ಪ್ರವಾಹವನ್ನು ನಡೆಯಿಸುವುದೂ ಆ ಉಪ್ಪೇ. ಪ್ರವಾಹವು ಕುಂದಿದರೆ ಉಪ್ಪು ಕಡಮೆಯಾಗುವುದು, ಉಪ್ಪು ಕಡಮೆಯಾದರೆ ಪ್ರವಾಹವು ಮತ್ತಷ್ಟು ಕುಂದುವುದು. ಒಂದು ಎಲ್ಲೆಯನ್ನು ದಾಟಿದ ಮೇಲೆ ಮೂಲಕಾರಣವನ್ನು ನಿವಾರಿಸಿದರೂ ಹಳೆಯ ಸ್ಥಿತಿಯು ಕೂಡಲೆ ಮರಳದು.

ಹಾಗಾದರೆ ಪ್ರವಾಹವು ಈಗಾಗಲೇ ಕುಂದಿದೆಯೇ? ವಿವಾದವೆಲ್ಲ ಇಲ್ಲಿಯೇ ಇರುವುದು. ಕುಂದಿದೆಯೆನ್ನುವವರ ಮುಖ್ಯ ಹೇತು, ಗ್ರೀನ್‌ಲೆಂಡಿನ ದಕ್ಷಿಣಕ್ಕಿರುವ ಒಂದು ಕಡಲಪ್ರದೇಶವು, ಲೋಕವೆಲ್ಲ ಕಾಯುತ್ತಿರುವಾಗ, ತಾನೊಂದೇ ತಣ್ಣಗಾಗಿರುವುದು. ಇದರಿಂದ ಇಪ್ಪತ್ತನೆಯ ಶತಮಾನದ ಮಧ್ಯದಿಂದ ಪ್ರವಾಹವು ನೂರಕ್ಕೆ ಸುಮಾರು 15ರಷ್ಟು ಇಳಿದಿದೆಯೆಂದು 2018ರಲ್ಲಿ ಗಣಿಸಲಾಯಿತು. ಆದರೆ ಗಾಳಿ ಮೋಡಗಳ ವ್ಯತ್ಯಾಸದಿಂದಲೂ ಅಲ್ಲಿ ಶೈತ್ಯವುಂಟಾಗಬಹುದೆಂದು ಪ್ರತಿವಾದಿಗಳು ಹೇಳುತ್ತಾರೆ. ಅಂದರೆ ನ್ಯಾಯಶಾಸ್ತ್ರದ ಮಾತಿನಲ್ಲಿ ಈ ಹೇತುವಿಗೆ ಸವ್ಯಭಿಚಾರದ ಶಂಕೆಯಿದೆ.

ಪ್ರತ್ಯಕ್ಷವನ್ನೇ ಆಶ್ರಯಿಸೋಣವೆಂದರೆ ಅದರ ಇತಿಹಾಸವು ಅಲ್ಪ. 2004ರಿಂದ ಉತ್ತರ ಅಕ್ಷಾಂಶ 26½ರ ಗುಂಟ, ಸಮುದ್ರದ ತಳಕ್ಕೆ ಕಟ್ಟಿದ ಹುರಿಗಳಲ್ಲಿ ಯಂತ್ರಗಳನ್ನು ಇಳಿಬಿಟ್ಟು ಉಷ್ಣಮಾನವನ್ನೂ ಲವಣವನ್ನೂ ಅಳೆಯಲಾಗುತ್ತಿದೆ. 2009-10ರಲ್ಲಿ ಪ್ರವಾಹವು ನೂರಕ್ಕೆ ಮೂವತ್ತರಷ್ಟು ಇಳಿದು ಮತ್ತೆ ಏರಿತು. ಇಂತಹ ಏರಿಳಿತವು ಸಹಜವಾಗಿರುವಾಗ, ನಿಧಾನವಾದ ಇಳಿತವನ್ನು ಬೇರ್ಪಡಿಸುವುದು ಸುಲಭವಲ್ಲ. ಇದಲ್ಲದೆ ಪ್ರತ್ಯಕ್ಷದಲ್ಲಿಯೂ ದೋಷವು ಹೊಕ್ಕಿದ್ದಿತು. ಫ್ಲಾರಿಡಾಕ್ಕೂ ಬಹಾಮ ದ್ವೀಪಗಳಿಗೂ ನಡುವಣ ಪ್ರವಾಹವನ್ನು 1982ರಿಂದ ಕಡಲಡಿಯ ದೂರವಾಣಿಯ ತಂತಿಯೊಂದರಿಂದ ಅಳೆಯುತ್ತಿದ್ದರು. ಉಪ್ಪುನೀರು ವಿದ್ಯುದ್ವಾಹಕವಾದುದರಿಂದ, ಭೂಮಿಯ ಅಯಸ್ಕಾಂತಶಕ್ತಿಯ ಮಧ್ಯದಲ್ಲಿ ಅದು ಹರಿದಾಗ ತಂತಿಯಲ್ಲಿ ಅಲ್ಪ ವಿದ್ಯುತ್ತು ಹುಟ್ಟುವುದು. ಅದರ ಪ್ರಮಾಣವೇ ಪ್ರವಾಹದ ಅಳತೆ. ಆದರೆ ಆ ಅಯಸ್ಕಾಂತಶಕ್ತಿಯೇ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ. ಅದನ್ನು ಲೆಕ್ಕಕ್ಕೆ ಹಿಡಿದು 2024ರಲ್ಲಿ ಶೋಧಿಸಿದಾಗ, ಆ ಜಲಸಂಧಿಯ ಪ್ರವಾಹವು ನಾಲ್ಕು ದಶಕಗಳಲ್ಲಿ ಹೆಚ್ಚುಕಡಮೆ ಸ್ಥಿರವಾಗಿಯೇ ಇರುವುದೆಂದೂ, 26½ರ ಸಾಲಿನಲ್ಲಿ ಕಂಡಿದ್ದ ಇಳಿತವು ನೂರಕ್ಕೆ ಸುಮಾರು ನಲವತ್ತರಷ್ಟು ಕಡಮೆಯೆಂದೂ ತೇಲಿತು. ಮಾನದಂಡವೇ ಕುಗ್ಗುತ್ತಿದ್ದರೆ ಬಟ್ಟೆಯನ್ನು ದೂರುವುದೆಂತು? ಆದರೂ ಇದರಿಂದ ಮೂಲಹೇತುವಿಗೆ ಬಾಧೆಯಿಲ್ಲ. ಸಿಹಿನೀರು ಹೆಚ್ಚಿದರೆ ಮುಳುಗುವಿಕೆ ಕುಗ್ಗುವುದೆಂಬ ವ್ಯಾಪ್ತಿಯು ಅಬಾಧಿತವಾಗಿಯೇ ಇದೆ.

ಮುಂದಿನದನ್ನು ಕುರಿತು ಸರ್ವರಾಷ್ಟ್ರಗಳ ವಾಯುಗುಣಸಮಿತಿಯು 2021ರಲ್ಲಿ ಹೇಳಿದುದು ಇಷ್ಟು: ಈ ಶತಮಾನದಲ್ಲಿ ಪ್ರವಾಹವು ಕುಂದುವುದು ಬಹುಮಟ್ಟಿಗೆ ನಿಶ್ಚಯ, 2100ರೊಳಗೆ ಹಠಾತ್ತಾಗಿ ಕುಸಿಯದೆಂಬುದು ಮಧ್ಯಮ ವಿಶ್ವಾಸದ ಮಾತು. 2023ರಲ್ಲಿ ಡೆನ್ಮಾರ್ಕಿನ ಇಬ್ಬರು ಶೋಧಕರು ಈ ಶತಮಾನದ ಮಧ್ಯದಲ್ಲಿಯೇ ಕುಸಿಯಬಹುದೆಂದು ಗಣಿಸಿದರು; ಅವರು ಆಧರಿಸಿದುದೂ ಅದೇ ತಣ್ಣನೆಯ ಪ್ರದೇಶದ ಉಷ್ಣಮಾನವನ್ನೇ ಆದುದರಿಂದ ಮೇಲೆ ಹೇಳಿದ ಶಂಕೆಯು ಅಲ್ಲಿಯೂ ತಪ್ಪದು.

ಇದು ದೂರದೇಶದ ವಾರ್ತೆಯೆಂದು ಉಪೇಕ್ಷಿಸುವಂತಿಲ್ಲ. ಸುಮಾರು 12,900 ವರ್ಷಗಳ ಹಿಂದೆ ಈ ಪ್ರವಾಹವು ಬಹಳವಾಗಿ ಕುಂದಿ, ಯೂರೋಪಿನಲ್ಲಿ ಚಳಿಯು ಮರಳಿ ಸಾವಿರ ವರ್ಷಕ್ಕೂ ಮೇಲೆ ನಿಂತಿತು. ಅದೇ ಕಾಲದಲ್ಲಿ ಭಾರತದ ಮುಂಗಾರು ಸಹ ಕ್ಷೀಣಿಸಿತೆಂಬುದಕ್ಕೆ ಮೇಘಾಲಯದ ಮಾವ್‌ಮ್ಲೂ ಗುಹೆಯ ಸುಣ್ಣದ ಕಂಬಗಳೇ ಸಾಕ್ಷಿ. ಪದರಪದರವಾಗಿ ಬೆಳೆದ ಅವುಗಳಲ್ಲಿ ಅಂದಂದಿನ ಮಳೆಯ ಗುರುತು ಉಳಿದಿದೆ. ಉತ್ತರಾರ್ಧಗೋಳವು ತಣ್ಣಗಾದಾಗ ಉಷ್ಣವಲಯದ ಮಳೆಯ ಪಟ್ಟೆಯು ದಕ್ಷಿಣಕ್ಕೆ ಸರಿಯುವುದು; ಮಲೆನಾಡಿಗೆ ಮಳೆ ತರುವ ಗಾಳಿಯೂ ಆ ವ್ಯವಸ್ಥೆಗೇ ಸೇರಿದುದು. ಆದರೆ ಆಗ ಉತ್ತರ ಅಮೆರಿಕದ ಬಹುಭಾಗವನ್ನು ಹಿಮವು ಮುಚ್ಚಿದ್ದಿತು, ಕರಗಿ ಬಂದ ನೀರೂ ಅಪಾರವಾಗಿದ್ದಿತು. ಈಗ ಉಳಿದಿರುವುದು ಗ್ರೀನ್‌ಲೆಂಡಿನ ಹಿಮ. ಆ ದೃಷ್ಟಾಂತವು ಕಾರ್ಯದ ಸ್ವರೂಪವನ್ನು ತೋರಿಸುವುದೇ ಹೊರತು ಅದರ ಪ್ರಮಾಣವನ್ನಾಗಲಿ ಕಾಲವನ್ನಾಗಲಿ ನಿರ್ಣಯಿಸದು. ಅವೆರಡನ್ನೂ 26½ರ ಸಾಲಿನ ಯಂತ್ರಗಳಿಂದಲೇ, ಇನ್ನೂ ಕೆಲವು ದಶಕಗಳ ಅಳತೆಯಿಂದ ತಿಳಿಯಬೇಕಾಗಿದೆ.