ಒಂದು ಮೈಗೆ ಇನ್ನೊಂದು ಮೈ

ನಿವೃತ್ತಿಯ ಬಳಿಕ ಚೀನೀ ಭಾಷೆಯ ಅಭ್ಯಾಸಕ್ಕೆ ತೊಡಗಿದ ನನ್ನನ್ನು ಒಂದು ಪದ ಹಲವು ದಿನ ಬಿಡದೆ ಕಾಡಿತು. ಆ ಪದ ‘ಥೀಷನ್’. ಅಕ್ಷರಗಳ ಮಟ್ಟಿಗೆ ಇದು ಕನ್ನಡದ ನಾಲಗೆಗೆ ಕಠಿಣವಲ್ಲ: ಮೊದಲನೆಯದು ಮಹಾಪ್ರಾಣ, ಎರಡನೆಯದು ಮೂರ್ಧನ್ಯ. ತೊಡಕಿರುವುದು ದನಿಯ ಏರಿಳಿತದಲ್ಲಿ. ‘ಥೀ’ ಎನ್ನುವಾಗ ದನಿ ಮೇಲಿನಿಂದ ಥಟ್ಟನೆ ಇಳಿಯಬೇಕು. ‘ಷನ್’ ಎನ್ನುವಾಗ ಎತ್ತರದಲ್ಲಿ ಸಮವಾಗಿ ನಿಲ್ಲಬೇಕು.

‘ಥೀ’ ಎಂದರೆ ಒಬ್ಬರ ಬದಲಿಗೆ ನಿಲ್ಲುವುದು. ‘ಷನ್’ ಎಂದರೆ ಶರೀರ. ನಿಘಂಟು ‘ಬದಲಿಯಾಳು’ ಎಂದು ಹೇಳಿ ಮುಗಿಸುತ್ತದೆ. ಆದರೆ ರಜೆ ಹಾಕಿದ ಅಧ್ಯಾಪಕನ ಪಾಠ ಮಾಡುವವನಿಗೆ ಈ ಪದ ಸಲ್ಲದು; ಅವನಿಗೆ ಬೇರೆ ಪದವಿದೆ. ಚಲನಚಿತ್ರದಲ್ಲಿ ನಾಯಕನಿಗಾಗಿ ಮಹಡಿಯಿಂದ ಧುಮುಕುವವನು ಥೀಷನ್. ಕೀರ್ತಿ ನಾಯಕನಿಗೆ, ಪೆಟ್ಟು ಇವನ ಮೈಗೆ.

ಈ ಪದದ ಹಳೆಯ ಅರ್ಥ ಇನ್ನೂ ಗಾಢವಾದುದು. ಹದಿನೆಂಟನೆಯ ಶತಮಾನದ ತ್ಸಾವ್ ಷ್ಯುಯೆಚಿನ್ ರಚಿಸಿದ ‘ಕೆಂಪು ಮಹಲಿನ ಕನಸು’ ಕಾದಂಬರಿಯಲ್ಲಿ ಮ್ಯಾವ್‌ಯೂ ಎಂಬ ಕನ್ಯೆ ಬರುತ್ತಾಳೆ. ಬಾಲ್ಯದಿಂದ ರೋಗಿಷ್ಠೆಯಾದ ಅವಳಿಗಾಗಿ ಮನೆಯವರು ಹಲವು ಥೀಷನ್‌ರನ್ನು ಹಣ ಕೊಟ್ಟು ಕೊಂಡರು. ಅವಳ ಪರವಾಗಿ ಅವರು ಸಂನ್ಯಾಸಕ್ಕೆ ಸೇರಿದರೆ ರೋಗ ತೊಲಗುವುದೆಂಬ ನಂಬಿಕೆ. ಫಲವಾಗಲಿಲ್ಲ, ಕೊನೆಗೆ ಅವಳೇ ಸಂನ್ಯಾಸಿನಿಯಾದ ಮೇಲೆ ಗುಣವಾಯಿತು. ಅದೇ ಕೃತಿಯ ಜಾಂಗ್ ಎಂಬ ವೃದ್ಧ ತಾವೋ ಗುರು ಹಿಂದೆ ಮನೆತನದ ಪ್ರಭುವಿಗೆ ಥೀಷನ್ ಆಗಿದ್ದವನು. ಅವನಿಗೆ ಹೆಸರಿದೆ, ಮನ್ನಣೆಯಿದೆ. ಮ್ಯಾವ್‌ಯೂಗಾಗಿ ಕೊಂಡುತಂದವರ ಹೆಸರು ಮಾತ್ರ ನಮಗೆ ಸಿಗುವುದಿಲ್ಲ.

ಜನಪದರಲ್ಲಿ ಇನ್ನೊಂದು ನಂಬಿಕೆಯಿದೆ. ನೀರಿನಲ್ಲಿ ಮುಳುಗಿ ಸತ್ತವನ ಪ್ರೇತ ಮತ್ತೊಬ್ಬ ಥೀಷನ್‌ನನ್ನು ಮುಳುಗಿಸಿದಲ್ಲದೆ ಮರುಜನ್ಮ ಪಡೆಯಲಾರದು. ಈ ನಂಬಿಕೆಯ ಮೇಲೆ ಪೂ ಸೊಂಗ್‌ಲಿಂಗ್ (1640–1715) ಒಂದು ಕಥೆ ಬರೆದಿದ್ದಾನೆ. ವಾಂಗ್ ಎಂಬ ಪ್ರೇತಕ್ಕೆ ಸರದಿ ಬರುತ್ತದೆ. ಕೂಸನ್ನೆತ್ತಿಕೊಂಡ ತಾಯಿಯೊಬ್ಬಳು ನದಿಗೆ ಬೀಳುತ್ತಾಳೆ. ದಡದಲ್ಲಿ ಅಳುವ ಕೂಸನ್ನು ಕಂಡು ಪ್ರೇತದ ಮನ ಕರಗುತ್ತದೆ. ತನ್ನೊಬ್ಬನ ಬಿಡುಗಡೆಗೆ ಎರಡು ಜೀವಗಳು ಹೋಗುವುದನ್ನು ಒಪ್ಪದೆ ಅವಳನ್ನು ದಡ ಸೇರಿಸುತ್ತದೆ. ಆ ಕರುಣೆಗಾಗಿ ದೈವವು ಅದನ್ನು ಒಂದು ಊರಿನ ಕಾವಲುದೇವತೆಯನ್ನಾಗಿ ನೇಮಿಸುತ್ತದೆ.

ನಮ್ಮ ‘ಬದಲಿ’ ಎಂಬ ಮಾತಿನಲ್ಲಿ ಸ್ಥಾನ ಕಾಣುತ್ತದೆ, ಆಳು ಮರೆಯಾಗುತ್ತಾನೆ. ‘ಥೀಷನ್’ ಹಾಗೆ ಮರೆಯಲು ಬಿಡುವುದಿಲ್ಲ. ಉಳಿದುಕೊಂಡವನ ಹಿಂದೆ ನೊಂದ ಮೈಯೊಂದಿದೆ ಎಂಬುದನ್ನು ಅದರ ಎರಡನೆಯ ಅಕ್ಷರವೇ ನೆನಪಿಸುತ್ತದೆ.